ಗಂಟು ಕಟ್ಟುವ ಕಡೆಯ ವಾರಗಳು

(ನಮ್ಮ ದೇವಾಲಯದ ಶತಮಾನೋತ್ಸವದ ಅಂಗವಾಗಿ ಜರುಗಿದ ಕುಟುಂಬ ದಿನದಂದು ಧರ್ಮಕೇಂದ್ರದ ಗುರುಗಳು ನೀಡಿದ ಉಪನ್ಯಾಸದ ಲಿಖಿತ ರೂಪ)



ನಮ್ಮ ಮನೆಮಾತು ಕೊಂಕಣಿ. ನಮ್ಮ ಪ್ರಾರ್ಥನೆಯೂ ಬಹುಪಾಲು ಕೊಂಕಣಿಯಲ್ಲೇ ನಡೆಯುತ್ತದೆ. ಆದರೆ ಇಂದಿನ ಸಭೆಯಲ್ಲಿ ನೆರೆಕರೆಯ ಬಾಂಧವರೂ ನಮ್ಮೊಡನೆ ಕುಳಿತಿರುವುದರಿಂದ ಈ ನಾಲ್ಕು ಮಾತುಗಳನ್ನು ಕನ್ನಡದಲ್ಲಿ ಆಡಬಯಸುತ್ತೇವೆ. ವಿಷಯವೂ ಎಲ್ಲರ ಮನೆಯದೇ. ಕೊಲ್ಲಿ ದೇಶಕ್ಕೆ ಒಬ್ಬನನ್ನಾದರೂ ಕಳುಹಿಸದ ಮನೆ ಈ ಕರಾವಳಿಯಲ್ಲಿ ಯಾವ ಜಾತಿಯಲ್ಲೂ ವಿರಳ.

ನೂರು ವರ್ಷಗಳ ಇತಿಹಾಸ ಬರೆಯಲು ಕುಳಿತಾಗ ನಾವು ಮೊದಲು ತೆರೆದುದು ಜ್ಞಾನಸ್ನಾನದ ದಾಖಲೆ ಪುಸ್ತಕಗಳನ್ನು. ಒಬ್ಬ ವಿಶ್ವಾಸಿಯು ಎಲ್ಲಿಯೇ ದೃಢೀಕರಣ ಪಡೆಯಲಿ, ಎಲ್ಲಿಯೇ ವಿವಾಹವಾಗಲಿ, ಆ ಸುದ್ದಿ ಆತನಿಗೆ ಜ್ಞಾನಸ್ನಾನವಾದ ದೇವಾಲಯಕ್ಕೆ ಬಂದು, ಆತನ ಹೆಸರಿನ ಪಕ್ಕದ ಅಂಚಿನಲ್ಲಿ ದಾಖಲಾಗಬೇಕೆಂಬುದು ಧರ್ಮಸಭೆಯ ಕಟ್ಟಳೆ. ಹಳೆಯ ಪುಟಗಳ ಅಂಚಿನಲ್ಲಿ ಮುಂಬಯಿಯ ದೇವಾಲಯಗಳ ಹೆಸರುಗಳಿವೆ. ಮುಂದಿನ ಪುಟಗಳಲ್ಲಿ ಬಹರೈನಿನ ಪವಿತ್ರ ಹೃದಯದ ದೇವಾಲಯ, ದುಬಾಯಿಯ ಸಂತ ಮರಿಯಮ್ಮನವರ ದೇವಾಲಯ, ಕುವೈತಿನ ಪವಿತ್ರ ಕುಟುಂಬದ ಪ್ರಧಾನಾಲಯ ಎಂಬ ಹೆಸರುಗಳು ಕಾಣಿಸಿಕೊಳ್ಳುತ್ತವೆ. ಯಾರು ಹೋದರು, ಎಲ್ಲಿ ನೆಲೆಸಿದರು ಎಂಬುದಕ್ಕೆ ನಮ್ಮಲ್ಲಿ ದಾಖಲೆಯುಂಟು. ಯಾರು ಹೇಗೆ ಮರಳಿ ಬಂದರು ಎಂಬುದಕ್ಕೆ ಯಾವ ಪುಸ್ತಕವೂ ಇಲ್ಲ. ಆ ಇಲ್ಲದ ಪುಸ್ತಕದ ಒಂದು ಪುಟವನ್ನು ಇಂದು ನಿಮ್ಮ ಮುಂದೆ ಓದಲು ಅಪ್ಪಣೆ ಬೇಡುತ್ತೇವೆ.

ಪವಿತ್ರ ಗ್ರಂಥದಲ್ಲಿ ಪರದೇಶದಿಂದ ಮರಳಿದ ಕುಟುಂಬಗಳ ಕಥೆಗಳು ಹಲವು. ಶಿಶು ಯೇಸುವನ್ನು ಎತ್ತಿಕೊಂಡು ಜೋಸೆಫರೂ ಮರಿಯಮ್ಮನವರೂ ಈಜಿಪ್ಟಿಗೆ ಓಡಿದ್ದು ರಾತ್ರೋರಾತ್ರಿ. ಹೆರೋದನು ಸತ್ತ ಮೇಲೆ ಮರಳುವ ಅಪ್ಪಣೆ ದೊರೆತಾಗಲೂ ಜೋಸೆಫರ ಎದೆಯಲ್ಲಿ ಅಳುಕಿತ್ತೆಂದು ಮತ್ತಾಯರು ತಿಳಿಸುತ್ತಾರೆ. ಜುದೇಯದಲ್ಲಿ ಹೆರೋದನ ಮಗನೇ ಆಳುತ್ತಿದ್ದನೆಂದು ಕೇಳಿ ಅವರು ಗಲಿಲೇಯದ ನಜರೇತಿಗೆ ಹೋದರು. ತಾಯ್ನಾಡಿಗೆ ಮರಳುವವನಿಗೂ ಭಯವುಂಟು ಎಂಬುದನ್ನು ಶುಭಸಂದೇಶವು ಮರೆಮಾಚಿಲ್ಲ.

ಆದರೆ ಹೊರಡುವ ಮುಂಚಿನ ದಿನಗಳ ವಿವರ ನಮಗೆ ಹೆಚ್ಚಾಗಿ ದೊರೆಯುವುದು ಆದಿಕಾಂಡದಲ್ಲಿ, ಪಿತಾಮಹ ಯಕೋಬನ ವೃತ್ತಾಂತದಲ್ಲಿ. ಆತ ಅಣ್ಣನ ಕೋಪಕ್ಕೆ ಹೆದರಿ ಮನೆ ಬಿಟ್ಟು, ಸೋದರಮಾವನ ಬಳಿ ಇಪ್ಪತ್ತು ವರ್ಷ ದುಡಿದ. ಮಾವ ಹತ್ತು ಸಲ ಕೂಲಿ ಬದಲಾಯಿಸಿದನೆಂಬ ಕೊರಗು ಆತನದು. ಕಡೆಗೆ ಮಾವನು ಕುರಿಯ ಉಣ್ಣೆ ಕತ್ತರಿಸಲು ಹೋದ ಸಮಯ ನೋಡಿ, ಹೆಂಡಿರು ಮಕ್ಕಳು ಮಂದೆಗಳೊಡನೆ ಹೇಳದೆ ಕೇಳದೆ ಹೊರಟುಬಿಟ್ಟ. ಬೆನ್ನಟ್ಟಿ ಬಂದ ಲಾಬಾನನ ದೂರುಗಳಲ್ಲಿ ಒಂದು ಇದು: ಮಗಳಂದಿರಿಗೂ ಮೊಮ್ಮಕ್ಕಳಿಗೂ ಮುತ್ತಿಟ್ಟು ಬೀಳ್ಕೊಡಲು ನೀನು ನನಗೆ ಎಡೆಗೊಡಲಿಲ್ಲ ಎಂಬುದು. ಲಾಬಾನ ಕಪಟಿಯೇ ಇರಬಹುದು. ಈ ದೂರು ಮಾತ್ರ ನ್ಯಾಯವಾದದ್ದು. ಕೊನೆಗೆ ಇಬ್ಬರೂ ಕಲ್ಲುಗಳ ಗುಡ್ಡೆ ಹಾಕಿ, ಒಟ್ಟಿಗೆ ಉಂಡು, ಒಪ್ಪಂದ ಮಾಡಿಕೊಂಡು ಬೇರೆಯಾದರು. ಅದಾದ ಮೇಲೆಯೇ ಯಕೋಬನು ಅಣ್ಣನಾದ ಏಸಾವನನ್ನು ಎದುರಿಸುವ ದಾರಿ ಹಿಡಿದ. ಈ ಎರಡು ಲೆಕ್ಕಗಳನ್ನು, ಅಂದರೆ ಬಿಟ್ಟುಬರುವ ಜನರ ಲೆಕ್ಕವನ್ನೂ ಸೇರಲಿರುವ ಜನರ ಲೆಕ್ಕವನ್ನೂ, ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಮಾತುಗಳನ್ನು ಕೇಳಬೇಕಾಗಿ ವಿನಂತಿ.

2019ರ ಫೆಬ್ರವರಿಯಲ್ಲಿ ನಾವು ಎರಡು ವಾರಗಳ ಮಟ್ಟಿಗೆ ಕುವೈತಿಗೆ ಹೋಗಿ, ಅಲ್ಲಿರುವ ನಮ್ಮ ಧರ್ಮಕೇಂದ್ರದ ಮಕ್ಕಳನ್ನು ಭೇಟಿಯಾಗಿ ಬಂದೆವು. ಸಾಲ್ಮಿಯಾ ಎಂಬಲ್ಲಿ ಒಂದು ಕುಟುಂಬವು ತನ್ನ ಎರಡು ಕೋಣೆಗಳ ಮನೆಯಲ್ಲಿ ಒಂದನ್ನು ನಮಗೆ ಬಿಟ್ಟುಕೊಟ್ಟಿತು. ಅವರ ಹೆಸರು ಹೇಳುವುದಿಲ್ಲ; ಒಪ್ಪಿಗೆ ಪಡೆದೇ ಅವರ ಸಂಗತಿಯನ್ನು ಹೇಳುತ್ತಿದ್ದೇವೆ. ಗೃಹಸ್ಥರು 1993ರಲ್ಲಿ ಅಲ್ಲಿಗೆ ಹೋದವರು. ಪತ್ನಿ ಮನೆ ನೋಡಿಕೊಂಡು, ರಜಾದಿನವಾದ ಶುಕ್ರವಾರಗಳಲ್ಲಿ ಪ್ರಧಾನಾಲಯದಲ್ಲಿ ಮಕ್ಕಳಿಗೆ ಧರ್ಮೋಪದೇಶ ಕಲಿಸುತ್ತಿದ್ದರು. ಮಗಳು ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತಿದ್ದಳು. ಮಗ ಐದನೆಯ ತರಗತಿ. ಇಬ್ಬರೂ ಅಲ್ಲಿಯೇ ಹುಟ್ಟಿದವರು.

ನಾವು ತಲಪಿದ ದಿನ ಆ ಮನೆಯಲ್ಲಿ ನಗುವಿತ್ತು, ಊರಿನ ಸುದ್ದಿ ಕೇಳುವ ಆತುರವಿತ್ತು. ಮರುದಿನ ಬೆಳಗ್ಗೆ ನೀರು ಕುಡಿಯಲು ಅಡಿಗೆಮನೆಗೆ ಹೋದಾಗ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಎರಡು ಕಾಗದಗಳು ಕಣ್ಣಿಗೆ ಬಿದ್ದವು. ಒಂದು ನಮ್ಮದೇ ಪತ್ರ. ಕ್ರಿಸ್ಮಸ್ ಶುಭಾಶಯದೊಡನೆ, ದೇವಾಲಯದ ಮಾಡಿನ ದುರಸ್ತಿಗೆ ಉದಾರವಾಗಿ ನೆರವಾಗಬೇಕೆಂದು ಪರದೇಶದ ಎಲ್ಲ ಕುಟುಂಬಗಳಿಗೂ ನಾವು ಕಳುಹಿಸಿದ್ದ ಅಚ್ಚಿನ ಪತ್ರ. ಇನ್ನೊಂದು, ಕೈಬರಹದ ಪಟ್ಟಿ. ಶಾಲೆಯ ವರ್ಗಾವಣೆ ಪತ್ರ, ಬ್ಯಾಂಕಿನ ಸಾಲದ ಕೊನೆಯ ಕಂತು, ವಿದ್ಯುತ್ತಿನ ಬಾಕಿ, ದೂರವಾಣಿಯ ಬಾಕಿ, ಕಾರು ಮಾರಾಟ, ಹಡಗಿನಲ್ಲಿ ಹೋಗುವ ಪೆಟ್ಟಿಗೆಗಳು, ವಿಮಾನದ ಟಿಕೆಟು, ಹೀಗೆ ಹನ್ನೊಂದು ಬಾಬುಗಳು. ಒಂಬತ್ತನೆಯದು: ಇಗರ್ಜಿಯ ಮಾಡು, 150 ದಿನಾರ್.

ಆಗಲೇ ನಮಗೆ ಸಂಗತಿ ತಿಳಿದದ್ದು. ಗೃಹಸ್ಥರು ದುಡಿಯುತ್ತಿದ್ದ ಸಂಸ್ಥೆ ಡಿಸೆಂಬರ್ ಕೊನೆಯ ದಿನ ಅವರಿಗೆ ಮೂರು ತಿಂಗಳ ನೋಟೀಸು ಕೊಟ್ಟಿತ್ತು. ನಮ್ಮ ಪತ್ರ ತಲಪಿದ್ದು ಅದೇ ವಾರ! ಆ ದೇಶದಲ್ಲಿ ವಾಸದ ಪರವಾನಗಿ ಉದ್ಯೋಗಕ್ಕೆ ಕಟ್ಟಿದ್ದು. ಉದ್ಯೋಗ ಹೋದರೆ ಪರವಾನಗಿಯೂ ಹೋಗುತ್ತದೆ. ತಂದೆಯ ಪರವಾನಗಿಯ ನೆರಳಿನಲ್ಲೇ ಪತ್ನಿಯದೂ ಮಕ್ಕಳದೂ. ಎಷ್ಟು ವರ್ಷ ದುಡಿದರೂ ಅಲ್ಲಿ ಪೌರತ್ವದ ಮಾತು ಬರುವುದಿಲ್ಲ. ಅಲ್ಲಿನ ಕಾರ್ಮಿಕ ಕಾನೂನಿನಂತೆ, ತಿಂಗಳ ಸಂಬಳದವರಿಗೆ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 15 ದಿನಗಳ ವೇತನ, ಅನಂತರದ ಒಂದೊಂದು ವರ್ಷಕ್ಕೆ ಒಂದೊಂದು ತಿಂಗಳ ವೇತನ, ಒಟ್ಟಾರೆ ಒಂದೂವರೆ ವರ್ಷದ ವೇತನ ಮೀರದಂತೆ, ಸೇವಾಂತ್ಯದ ಹಣವಾಗಿ ಸಲ್ಲಬೇಕು. ಇಪ್ಪತ್ತಾರು ವರ್ಷಗಳ ದುಡಿಮೆಗೆ ಕೈಗೆ ಬರುವ ಗಂಟು ಅದೊಂದೇ. ಅದರಲ್ಲೇ ಮಗಳ ಓದು, ಮಗನ ಓದು, ಎಂಬತ್ತು ದಾಟಿದ ತಾಯಿಯ ಔಷಧ, ಮುಂದಿನ ಬದುಕು.

ನಾವು ನಾಚಿದೆವು. ಪಟ್ಟಿಯಿಂದ ಒಂಬತ್ತನೆಯ ಬಾಬನ್ನು ಹೊಡೆದುಹಾಕಿರೆಂದು ಅವರನ್ನು ಬೇಡಿಕೊಂಡೆವು. ಅವರು ಒಪ್ಪಲಿಲ್ಲ. "ಫಾದರ್, ಈವರೆಗೆ ಊರಿಗೆ ಕೊಡುವವನಾಗಿದ್ದೆ. ಬಂದ ಮೇಲೆ ಕೊಡಲು ಆಗುತ್ತದೋ ಇಲ್ಲವೋ. ಇದೊಂದನ್ನು ತೆಗೆಯಬೇಡಿ" ಎಂದರು. ನಾವು ಆ ಹಣವನ್ನು ಸ್ವೀಕರಿಸಿದೆವು. ಸ್ವೀಕರಿಸಿದ್ದು ಸರಿಯೋ ತಪ್ಪೋ ಎಂದು ಇಂದಿಗೂ ನಮಗೆ ನಿಶ್ಚಯವಿಲ್ಲ. ಮಳೆಗಾಲದಲ್ಲಿ ಬಲಿಪೀಠದ ಮೇಲೆ ನೀರು ಸೋರದಿರುವಾಗಲೆಲ್ಲ ಅದು ನೆನಪಾಗುತ್ತದೆ. ಒಂದು ಮಾತು ಮಾತ್ರ ನಿಶ್ಚಯ: ಹೊರಗಿರುವ ನಮ್ಮ ಕುಟುಂಬಗಳಿಗೆ ಧರ್ಮಕೇಂದ್ರದಿಂದ ಹೋಗುವ ಪತ್ರಗಳಲ್ಲಿ, ನೀವು ಹೇಗಿದ್ದೀರಿ ಎಂದು ಕೇಳಿ ಉತ್ತರಕ್ಕಾಗಿ ಕಾಯುವ ಪತ್ರ ಅಲ್ಲಿಯವರೆಗೆ ಒಂದೂ ಇರಲಿಲ್ಲ.

ಉಳಿದಿದ್ದ ಆರು ವಾರಗಳಲ್ಲಿ ಮೊದಲ ಎರಡನ್ನು ನಾವು ಅವರೊಡನೆ ಕಳೆದೆವು. ಮುಂದಿನದನ್ನು ಅವರ ಬಾಯಿಂದಲೇ ಕೇಳಿ ತಿಳಿದೆವು. ಮನೆಯೊಂದು ದಿನದಿನಕ್ಕೆ ಬರಿದಾಗುವುದನ್ನು ನೋಡುವುದು ಸುಲಭವಲ್ಲ. ಸೋಫಾ ಕೊಂಡವರು ಬಂದು ಎತ್ತಿಕೊಂಡು ಹೋದ ಸಂಜೆಯಿಂದ ಎಲ್ಲರೂ ಚಾಪೆಯ ಮೇಲೆ ಕುಳಿತರು. ಹೊಲಿಗೆಯ ಯಂತ್ರವನ್ನು ಆಗತಾನೇ ಮದುವೆಯಾಗಿ ಬಂದಿದ್ದ ಒಬ್ಬ ತಮಿಳು ಹುಡುಗಿಗೆ ಆ ತಾಯಿ ಹಣ ತೆಗೆದುಕೊಳ್ಳದೆ ಕೊಟ್ಟರು. ತಾನು ಬಂದ ಹೊಸತರಲ್ಲಿ ಮಲಯಾಳಿ ನೆರೆಯವರೊಬ್ಬರು ಹಾಗೆಯೇ ಒಂದು ಇಸ್ತ್ರಿಪೆಟ್ಟಿಗೆ ಕೊಟ್ಟಿದ್ದರಂತೆ. ರಾತ್ರಿ ಊಟದ ಮೇಲೆ ತೂಕದ ಕಾಟಾ ತಂದು ಪೆಟ್ಟಿಗೆಗಳನ್ನು ತೂಗುವ ಕೆಲಸ. ಊರಿಗೆ ಪ್ರತಿ ರಜೆಯಲ್ಲೂ ಹೊತ್ತು ತಂದ ಟಾಂಗ್ ಪುಡಿ, ನಿಡೋ ಹಾಲಿನ ಪುಡಿ, ಟೈಗರ್ ಬಾಮುಗಳಿಗೆ ಈ ಸಲ ಎಡೆ ಸಾಲದು. "ಬರಿಗೈಯಲ್ಲಿ ಬಂದರೆಂದು ಜನ ಆಡಿಕೊಳ್ಳುವುದಿಲ್ಲವೇ ಫಾದರ್?" ಎಂದು ಆ ತಾಯಿ ಕೇಳಿದರು. ಅವರು ಹೆದರಿದ್ದು ಯಾವ ಹೆರೋದನಿಗೂ ಅಲ್ಲ, ಬಂಧುಗಳೇ. ನಮ್ಮ ನಿಮ್ಮ ನಾಲಿಗೆಗೆ.

ಫೆಬ್ರವರಿ 25 ಮತ್ತು 26 ಕುವೈತಿನ ರಾಷ್ಟ್ರೀಯ ದಿನ ಹಾಗೂ ವಿಮೋಚನಾ ದಿನ. ಬೀದಿಯಲ್ಲಿ ಮಕ್ಕಳು ನೀರೆರಚಿ ಕುಣಿಯುತ್ತಿದ್ದರು. ಕಿಟಕಿಯ ಬಳಿ ನಿಂತು ನೋಡುತ್ತಿದ್ದ ಮಗಳು ನಮ್ಮತ್ತ ತಿರುಗಿ, "ಫಾದರ್, ಎಲ್ಲರೂ ಮರಳಿ ಹೋಗುವುದು ಅನ್ನುತ್ತೀರಿ. ಪಪ್ಪ ಮಮ್ಮಿ ಮರಳಿ ಹೋಗುವವರು, ಸರಿ. ನಾನು ಹುಟ್ಟಿದ್ದು ಇಲ್ಲಿ. ನಾನು ಎಲ್ಲಿಗೆ ಮರಳುವುದು?" ಎಂದು ಕೇಳಿದಳು. ಗುರುಮಠದಲ್ಲಿ ಓದಿದ ಯಾವ ಗ್ರಂಥದಲ್ಲೂ ಅದಕ್ಕೆ ಥಟ್ಟನೆ ಉತ್ತರ ಸಿಗಲಿಲ್ಲ. ಆಮೇಲೆ ಯೋಚಿಸಿದಾಗ, ಯಕೋಬನ ಮಕ್ಕಳೂ ಹಾಗೆಯೇ ಇದ್ದಿರಬೇಕೆನಿಸಿತು. ಹನ್ನೊಂದು ಗಂಡುಮಕ್ಕಳು ಹುಟ್ಟಿದ್ದು ಪರನಾಡಿನಲ್ಲಿ. ತಂದೆಯ ಊರು ಅವರಿಗೆ ಕೇಳಿದ ಕಥೆ ಮಾತ್ರ. ಶಿಶು ಯೇಸುವಿಗೂ ನಜರೇತಿನ ದಾರಿ ಹೊಸದೇ. ಮಕ್ಕಳಿಗೆ ಇದು ಮರಳುವಿಕೆಯಲ್ಲ, ವಲಸೆ. ಆ ಹುಡುಗಿಗೆ ನಾವು ಹೇಳಿದ್ದು ಇಷ್ಟೇ: "ನೀನು ಹೊಸಬಳಾಗಿಯೇ ಬಾ ಮಗಳೇ. ಹೊಸಬರನ್ನು ಬರಮಾಡಿಕೊಳ್ಳುವ ಕೆಲಸ ನಮ್ಮದು." ಆ ಮಾತನ್ನು ನಾವು ನಿಮ್ಮ ಪರವಾಗಿ ಕೊಟ್ಟು ಬಂದೆವು.

ಆ ಕಟ್ಟಡವನ್ನು ಕಾಯುವ ಹಾರಿಸ್, ಅಂದರೆ ಕಾವಲುಗಾರ, ಈಜಿಪ್ಟಿನ ಅಸ್ಯೂತ್ ಕಡೆಯ ಒಬ್ಬ ಬಡ ಮುಸಲ್ಮಾನ. ಪವಿತ್ರ ಕುಟುಂಬವು ತಂಗಿತ್ತೆಂದು ಈಜಿಪ್ಟಿನ ಕೋಪ್ಟ್ ಕ್ರೈಸ್ತರು ಇಂದಿಗೂ ಭಕ್ತಿಯಿಂದ ನೆನೆಯುವ ಒಂದು ಪುರಾತನ ಮಠವಿರುವುದು ಅದೇ ಸೀಮೆಯಲ್ಲಿ. ವರ್ಷಗಳ ಹಿಂದೆ ಒಂದು ರಾತ್ರಿ ಈ ಮನೆಯ ಮಗನಿಗೆ ಉಸಿರಾಟ ಕಟ್ಟಿದಾಗ, ಗೃಹಸ್ಥರು ರಾತ್ರಿಪಾಳಿಯಲ್ಲಿದ್ದರು. ಮಗುವನ್ನು ಹೆಗಲಿಗೇರಿಸಿ ನಾಲ್ಕು ಮಹಡಿ ಇಳಿದು ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಒಯ್ದವನು ಆತ. ಲಿಫ್ಟು ಅಂದು ಕೆಟ್ಟಿತ್ತು. ಹೊರಡುವ ಮುಂಚೆ ಗೃಹಸ್ಥರು ಮಗನನ್ನು ಕರೆದುಕೊಂಡು ಆತನ ಕೋಣೆಗೆ ಹೋಗಿ ಸ್ವಲ್ಪ ಹಣ ಮುಂದಿಟ್ಟರು. ಆತ ಹಣ ಮುಟ್ಟದೆ, ಹುಡುಗನ ತಲೆ ಸವರಿ, ಒಂದು ಹಿಡಿ ಖರ್ಜೂರ ಕೊಟ್ಟನಂತೆ. ಆತ ತನ್ನ ಮಕ್ಕಳ ಮುಖ ನೋಡಿ ಮೂರು ವರ್ಷವಾಗಿತ್ತು. ಉಪ್ಪಿನ ಋಣವನ್ನು ನಾವು ಸಾಮಾನ್ಯವಾಗಿ ಒಡೆಯನ ಲೆಕ್ಕದಲ್ಲಿ ಬರೆಯುತ್ತೇವೆ. ಪರದೇಶದ ಋಣ ಹೆಚ್ಚಾಗಿ ಇಂಥವರದು. ನಮ್ಮ ಎಷ್ಟೋ ಮನೆಗಳ ತಾರಸಿಯ ಅಡಿಯಲ್ಲಿ ಇಂಥ ಒಬ್ಬೊಬ್ಬನ ಹೆಗಲಿದೆ.

ಕಡೆಯ ಶುಕ್ರವಾರ ತಪಸ್ಸುಕಾಲದಲ್ಲಿ ಬಂತು. ಪವಿತ್ರ ಕುಟುಂಬದ ಪ್ರಧಾನಾಲಯವು 1961ರಿಂದ ಅಲ್ಲಿ ನಿಂತಿದೆ. ಕೇರಳದವರು, ಗೋವೆಯವರು, ಫಿಲಿಪೈನ್ಸಿನವರು, ಲೆಬನಾನಿನವರು ತಮ್ಮ ತಮ್ಮ ಭಾಷೆಯಲ್ಲಿ ಅಲ್ಲಿ ದೇವರನ್ನು ಕರೆಯುತ್ತಾರೆ. ಆ ತಾಯಿ ಹದಿನಾಲ್ಕು ವರ್ಷ ಧರ್ಮೋಪದೇಶ ಕಲಿಸಿದ ಕೋಣೆಯಲ್ಲಿ ಕಪ್ಪು ಹಲಗೆ ಒರೆಸಿ, ಸೀಮೆಸುಣ್ಣದ ಪೆಟ್ಟಿಗೆಯನ್ನು ಮುಂದಿನವರ ಕೈಗೆ ಕೊಟ್ಟರು. ಪೂಜೆಯ ನಂತರ ಬೀಳ್ಕೊಡುಗೆಯ ಭಾಷಣವಿರಲಿಲ್ಲ. ಅಲ್ಲಿ ಪ್ರತಿ ವಾರವೂ ಯಾರಾದರೂ ಹೋಗುತ್ತಿರುತ್ತಾರೆ, ಯಾರಾದರೂ ಬರುತ್ತಿರುತ್ತಾರೆ.

ಇನ್ನು ಏಸಾವನ ಲೆಕ್ಕ. ಆ ಪಟ್ಟಿಯನ್ನು ನಾವು ದಿನವೂ ನೋಡುತ್ತಿದ್ದೆವು. ಹನ್ನೊಂದು ಬಾಬುಗಳಲ್ಲಿ ಅಣ್ಣನ ಹೆಸರಿರಲಿಲ್ಲ. ಊರಿನಲ್ಲಿ ಅಣ್ಣ ತಮ್ಮಂದಿರ ಮನೆಗಳ ನಡುವೆ ಇರುವುದು ಒಂದೇ ಬಾವಿ. 2011ರ ಪಾಲಿನ ಸಮಯದಲ್ಲಿ ಆ ಬಾವಿಯ ಹಕ್ಕಿನ ವಿಷಯದಲ್ಲಿ ಮಾತು ಬೆಳೆದು, ಮಾತೇ ನಿಂತುಹೋಗಿತ್ತು. ತಾಯಿ ಅಣ್ಣನ ಮನೆಯಲ್ಲಿದ್ದರು. ತಮ್ಮ ರಜೆಯಲ್ಲಿ ಬಂದಾಗ ತಾಯಿಯನ್ನು ನೋಡಲು ಹೋಗುವುದು, ಅಣ್ಣ ಆ ಹೊತ್ತಿಗೆ ತೋಟಕ್ಕೆ ಹೋಗುವುದು, ಹೀಗೆ ಎಂಟು ವರ್ಷ. ದೂರವಿದ್ದಾಗ ಅದು ನಡೆಯಿತು. ಇನ್ನು ದಿನಬೆಳಗಾದರೆ ಒಂದೇ ಬಾವಿಗೆ ಎರಡು ಕೊಡಪಾನ ಇಳಿಯಬೇಕು.

ಹೊರಡುವ ಹಿಂದಿನ ರಾತ್ರಿ ನಾವು ಈ ಮಾತು ಎತ್ತಿದೆವು. ಗೃಹಸ್ಥರು ತಲೆ ತಗ್ಗಿಸಿ ಕುಳಿತರು. "ತಪ್ಪು ನನ್ನದೊಬ್ಬನದೇ ಅಲ್ಲ ಫಾದರ್" ಎಂದರು. ಅದು ಸತ್ಯವೂ ಆಗಿತ್ತು. ಅವರ ಪತ್ನಿ ಏನೂ ಹೇಳದೆ ಎದ್ದುಹೋಗಿ, ಪಟ್ಟಿಯ ಕೆಳಗೆ ಪೆನ್ಸಿಲಿನಿಂದ ಹನ್ನೆರಡನೆಯ ಬಾಬು ಬರೆದರು: ಬಾವ. ನಾವು ಊರಿಗೆ ಬಂದ ಎರಡು ದಿನಕ್ಕೆ ಬೂದಿ ಬುಧವಾರ. ಅಂದು ಹಣೆಗೆ ಬೂದಿ ಹಚ್ಚಿಸಿಕೊಳ್ಳಲು ಸಾಲಿನಲ್ಲಿ ಬಂದ ಆ ಅಣ್ಣನಿಗೆ ನಾವು ಏನನ್ನೂ ಹೇಳಲಿಲ್ಲ. ಇದು ನಾವು ತೂರಿಕೊಳ್ಳಬೇಕಾದ ಜಾಗವಲ್ಲವೆಂದು ತೋರಿತು.

ತಮ್ಮ ಮೂರು ಸಲ ದೂರವಾಣಿ ಕೈಗೆತ್ತಿಕೊಂಡು ಮೂರು ಸಲ ಕೆಳಗಿಟ್ಟರಂತೆ. ನಾಲ್ಕನೆಯ ಸಲ ಕರೆ ಹೋಯಿತು. "ಅಣ್ಣಾ, ಏಪ್ರಿಲ್ ನಾಲ್ಕಕ್ಕೆ ಬರುತ್ತಿದ್ದೇವೆ. ಇನ್ನು ಹೋಗುವುದಿಲ್ಲ" ಎಂದರು. ಆ ಕಡೆಯಿಂದ ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಅಣ್ಣ, "ಬಾ. ಬಾವಿಯ ಕೆಸರು ತೆಗೆಸುತ್ತೇನೆ. ಎರಡು ಮನೆಗೆ ನೀರು ಸಾಲಬೇಕಲ್ಲ" ಎಂದರು. ಏಸಾವನು ಓಡಿಬಂದು ತಮ್ಮನ ಕೊರಳನ್ನು ತಬ್ಬಿ ಅತ್ತನೆಂದು ಆದಿಕಾಂಡ ಹೇಳುತ್ತದೆ. ನಮ್ಮ ಊರಿನ ಏಸಾವರು ಅಳುವುದಿಲ್ಲ, ಬಜ್ಪೆಯ ವಿಮಾನ ನಿಲ್ದಾಣಕ್ಕೂ ಬರುವುದಿಲ್ಲ. ಬೇಸಿಗೆಯ ಮಧ್ಯದಲ್ಲಿ ಆಳುಗಳನ್ನು ಕರೆಸಿ ಬಾವಿಯ ಕೆಸರು ತೆಗೆಸುತ್ತಾರೆ. ಆ ಮಾತಿನ ಅರ್ಥ ತಿಳಿಯಲು ಭಾಷ್ಯ ಬೇಕಿಲ್ಲ.

ಎಲ್ಲವೂ ಸುಖಾಂತವಾಯಿತೆಂದು ನಾವು ಹೇಳಲಾರೆವು. ಗೃಹಸ್ಥರಿಗೆ ತಕ್ಕ ಕೆಲಸ ಇನ್ನೂ ಸಿಕ್ಕಿಲ್ಲ. ಚಿಕ್ಕದೊಂದು ಅಂಗಡಿಯ ಲೆಕ್ಕ ಬರೆಯುತ್ತಾರೆ. ಮಗಳು ಮೊದಲ ವರ್ಷವೆಲ್ಲ ಯಾರೊಡನೆಯೂ ಬೆರೆಯಲಿಲ್ಲ. ಕನ್ನಡ ಅಕ್ಷರವೇ ತಿಳಿಯದಿದ್ದ ಮಗನಿಗೆ ನಮ್ಮ ಕಾನ್ವೆಂಟಿನ ಒಬ್ಬ ವೃದ್ಧ ಧರ್ಮಭಗಿನಿಯು ಸಂಜೆ ಸಂಜೆ ಕೂರಿಸಿ ಕಾಗುಣಿತ ತಿದ್ದಿಸಿದರು. ಆದರೆ ಆ ಕುಟುಂಬ ಹೊರಟಾಗ ಹಿಂದೆ ಯಾರ ಬಾಕಿಯನ್ನೂ ಉಳಿಸಿರಲಿಲ್ಲ. ಬಂದಾಗ ಎದುರು ಮುಚ್ಚಿದ ಬಾಗಿಲಿರಲಿಲ್ಲ. ಆ ಆರು ವಾರಗಳಲ್ಲಿ ಅವರು ಮಾಡಿದ ಮುಖ್ಯ ಕೆಲಸ ಇದೇ.

ಈ ಆರು ವಾರಗಳು ಎಲ್ಲರಿಗೂ ದೊರೆಯುವುದಿಲ್ಲ. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿದಾಗ ನಾವು ಕಿರಿಯ ಸಹಾಯಕ ಗುರುಗಳಾಗಿದ್ದೆವು. ಮರುಭೂಮಿಯನ್ನು ದಾಟಿ ಜೋರ್ಡಾನಿನ ಅಮ್ಮಾನಿಗೆ ಬಂದು, ಅಲ್ಲಿಂದ ಏರ್ ಇಂಡಿಯಾದ ವಿಮಾನಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ಭಾರತೀಯರು ತಾಯ್ನಾಡು ಸೇರಿದರು. ಉಟ್ಟ ಬಟ್ಟೆಯಲ್ಲಿ, ಒಂದು ಕೈಚೀಲದೊಡನೆ ಬಂದವರನ್ನು ನಾವು ಕಣ್ಣಾರೆ ಕಂಡಿದ್ದೇವೆ. ಬ್ಯಾಂಕಿನ ಹಣಕ್ಕಿಂತ ಹೆಚ್ಚಾಗಿ ಅವರಲ್ಲಿ ಒಬ್ಬರು ಕೊರಗಿದ್ದು, ನೆರೆಮನೆಯ ಫಿಲಿಪಿನೋ ಮುದುಕಿಗೆ ಹೋಗಿಬರುತ್ತೇನೆ ಎಂದು ಹೇಳಲಾಗಲಿಲ್ಲವಲ್ಲ ಎಂದು. 2020ರಲ್ಲಿ ಮಹಾಮಾರಿ ಬಂದಾಗ ಮತ್ತೆ ಅದೇ ಕಥೆ. ಕೆಲಸ ಕಳೆದುಕೊಂಡವರು ಸಿಕ್ಕಿದ ವಿಮಾನ ಹತ್ತಿ ಬಂದರು, ದೇವಾಲಯದ ಬಾಗಿಲುಗಳೂ ಆಗ ಮುಚ್ಚಿದ್ದವು. ಅಂಥವರ ಬೀಳ್ಕೊಡುಗೆ ಒಳಗೇ ಉಳಿದುಬಿಟ್ಟಿರುತ್ತದೆ. ಅದನ್ನು ಹೇಳಿಕೊಳ್ಳಲು ಅವರಿಗೆ ಯಾರಾದರೂ ಬೇಕು.

ಆದುದರಿಂದ ಪರದೇಶದಲ್ಲಿರುವ ನಮ್ಮ ಕುಟುಂಬಗಳಿಗೆ ನಮ್ಮ ವಿನಂತಿ: ಹೊರಡುವ ದಿನ ನಿಶ್ಚಯವಾದಾಗ ನಿಮ್ಮ ಪಟ್ಟಿಯಲ್ಲಿ ಪೆಟ್ಟಿಗೆಗಳ ಜೊತೆಗೆ ಮನುಷ್ಯರ ಹೆಸರುಗಳನ್ನೂ ಬರೆಯಿರಿ. ಅಲ್ಲಿ ಯಾರಿಗೆ ಋಣಿಗಳು, ಇಲ್ಲಿ ಯಾರೊಡನೆ ಮಾತು ನಿಂತಿದೆ, ಎರಡನ್ನೂ ಬರೆಯಿರಿ. ಮಕ್ಕಳಿಗೆ ಅಳಲು ಎಡೆಕೊಡಿರಿ. ಅವರು ಬಿಟ್ಟುಬರುತ್ತಿರುವುದು ಅವರ ಊರನ್ನು.

ಊರಿನಲ್ಲಿರುವ ನಮಗೂ ಕೆಲಸವುಂಟು. ಮರಳಿದವರನ್ನು ಏನು ತಂದಿರಿ ಎಂದು ಕೇಳದಿರೋಣ. ಮತ್ತೆ ಯಾವಾಗ ಹೋಗುತ್ತೀರಿ ಎಂಬ ಪ್ರಶ್ನೆ ಇನ್ನೂ ಕೆಟ್ಟದ್ದು. ಈ ಶತಮಾನೋತ್ಸವ ವರ್ಷದಿಂದ ಒಂದು ಹೊಸ ದಾಖಲೆ ಪುಸ್ತಕವನ್ನು ತೆರೆಯುತ್ತಿದ್ದೇವೆ. ಮರಳಿ ಬಂದ ಪ್ರತಿಯೊಂದು ಕುಟುಂಬದ ಹೆಸರನ್ನು ಅದರಲ್ಲಿ ಬರೆದು, ಮುಂದಿನ ಭಾನುವಾರದ ಬಲಿಪೂಜೆಯಲ್ಲಿ ಅವರಿಗಾಗಿ ಪ್ರಾರ್ಥಿಸಿ, ಆ ವಾರವೇ ವಾಳೆಯ ಗುರಿಕಾರರೊಡನೆ ಅವರ ಮನೆಗೆ ಹೋಗಿ ಬರುತ್ತೇವೆ. ಕನ್ನಡ ಕಲಿಯಬೇಕಾದ ಮಕ್ಕಳಿಗೆ ಸಂಜೆಯ ಪಾಠ ಹೇಳಲು ನಿವೃತ್ತ ಉಪಾಧ್ಯಾಯರು ಮುಂದೆ ಬರಬೇಕೆಂದು ಕೋರುತ್ತೇವೆ. ಮೊದಲ ಪುಟದಲ್ಲಿ ಬರೆದಿರುವ ಹೆಸರು ಯಾವುದೆಂದು ನೀವು ಊಹಿಸಬಲ್ಲಿರಿ.

ನಾಡು ಬಿಟ್ಟು ನಾಡು ಸೇರಿ, ಮರಳಿ ಬಂದು ನಜರೇತಿನಲ್ಲಿ ಬಡಗಿಯ ಕೆಲಸ ಹಿಡಿದ ಸಂತ ಜೋಸೆಫರು ನಮ್ಮ ಎಲ್ಲ ಗೃಹಸ್ಥರನ್ನು ಕಾಪಾಡಲಿ. ಮರಿಯಮ್ಮನವರು ತಾಯಂದಿರ ಅಳುಕನ್ನು ನೀಗಲಿ. ದಾರಿಯಲ್ಲಿರುವವರನ್ನೂ ಸೇರಿದವರನ್ನೂ ಪ್ರಭು ಯೇಸುಕ್ರಿಸ್ತರು ಆಶೀರ್ವದಿಸಲಿ. ಆಮೆನ್.